ನಾನು ಹುಟ್ಟಿಸಿದ ಸಂಪ್ರದಾಯ

ಮೊನ್ನೆ ಬ್ಯಾಂಕಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗಿಯ ಜಡೆಯಿಂದ ಎಣ್ಣೆಯ ವಾಸನೆ ಬಂತು. ಕೊಬ್ಬರಿ ಎಣ್ಣೆಗೆ ಮದರಂಗಿ, ದಾಸವಾಳ, ಮೆಂತ್ಯ ಹಾಕಿ ಕುದಿಸಿ, ಇಳಿಸುವಾಗ ಚೂರು ಪಚ್ಚಕರ್ಪೂರ ಬೆರೆಸಿದ ವಾಸನೆ. ಅಂಥ ಎಣ್ಣೆಯನ್ನು ಈಗ ಎಷ್ಟೋ ಜನ ಮಾಡುತ್ತಾರೆ, ಆದರೆ ಕರ್ಪೂರದ ಆ ಹದ ಒಂದೇ ಕಡೆಯದು. ಹಳೆಯ ವಾಸನೆಗಳು ಮನಸ್ಸನ್ನು ಮೆತ್ತಗೆ ಮಾಡುತ್ತವೆ ಎನ್ನುತ್ತಾರೆ. ನನಗೆ ಹಲ್ಲು ಬಿಗಿಯಿತು. ಚಲನ್ ಹಿಡಿದಿದ್ದ ಬೆರಳುಗಳು ತಾವಾಗಿಯೇ ಮುಷ್ಟಿಯಾದವು. ಕೌಂಟರ್ ಹತ್ತಿರ ಬರುವ ಹೊತ್ತಿಗೆ ನಗುವೂ ಬಂತು. ಗುಮಾಸ್ತೆ ಏನೆಂದುಕೊಂಡಳೋ ಗೊತ್ತಿಲ್ಲ.

ಆ ಸಿಟ್ಟು, ಈ ನಗು ಎರಡೂ ತೊಂಬತ್ತರ ದಶಕದ ಕೊನೆಯ ಒಂದು ವರ್ಷದವು. ಆಗ ನಾನು ಮಲ್ಲೇಶ್ವರದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಪಾಠ ಹೇಳುತ್ತಿದ್ದೆ. ಅಮ್ಮ ಮತ್ತು ನಾನು ಹದಿನೈದನೇ ಅಡ್ಡರಸ್ತೆಯ ಸಣ್ಣ ಮನೆಯಲ್ಲಿದ್ದೆವು. ಡಾಕ್ಟರೇಟ್ ಮಾಡಬೇಕೆಂಬುದು ನನ್ನ ಆಸೆ, ಅಮ್ಮನಿಗೆ ಅದು ನನಗಿಂತಲೂ ದೊಡ್ಡ ಆಸೆ. ವಿಷಯ ಹೀಗಿತ್ತು: ಹಳೆಯ ಸಂಸ್ಥೆಯೊಂದರಲ್ಲಿ ಹೊಸ ಪದ್ಧತಿ ತಂದಾಗ ಅಲ್ಲಿ ದುಡಿಯುವವರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ, ಎಲ್ಲಿ ಒಪ್ಪುತ್ತಾರೆ, ಎಲ್ಲಿ ಹಟ ಹಿಡಿಯುತ್ತಾರೆ, ಯಾಕೆ. ಮಾರ್ಗದರ್ಶಕರು ಪ್ರೊಫೆಸರ್ ವರದರಾಜ. ಸಂಸ್ಥೆಗಳ ಬದಲಾವಣೆಯ ವಿಚಾರದಲ್ಲಿ ಊರಿನಲ್ಲಿ ಅವರದು ದೊಡ್ಡ ಹೆಸರು. ವಿಶ್ವವಿದ್ಯಾಲಯದಲ್ಲಿ ಪಾಠ, ಜೊತೆಗೆ ಕಂಪನಿಗಳಿಗೆ ಸಲಹೆ. ಆ ವರ್ಷ ಅವರು ಸಲಹೆ ಕೊಡುತ್ತಿದ್ದ ಕಡೆಗಳಲ್ಲಿ ಚಾಮರಾಜಪೇಟೆಯ ಒಂದು ತಲೆಗೂದಲೆಣ್ಣೆ ಕಾರ್ಖಾನೆಯೂ ಇತ್ತು. ನಾನು ಕಾಲೇಜಿನಿಂದ ವರ್ಷದ ರಜೆ ತೆಗೆದುಕೊಂಡು ಅಲ್ಲಿಗೆ ಹೋಗಬೇಕು, ಕೆಲಸದವರ ಮಾತು ಕೇಳಬೇಕು, ಶನಿವಾರ ಸಂಜೆ ಎನ್.ಆರ್. ಕಾಲೋನಿಯ ಅವರ ಮನೆಗೆ ಬಂದು ಚರ್ಚೆ ಮಾಡಬೇಕು ಎಂದು ತೀರ್ಮಾನವಾಯಿತು.

ಅವರ ಮನೆಯ ಜಗುಲಿ ನನಗೆ ತುಂಬಾ ಇಷ್ಟವಾಗಿತ್ತು. ಬೆತ್ತದ ಕುರ್ಚಿ, ಮಲ್ಲಿಗೆ ಹಂಬು, ಅವರ ಹೆಂಡತಿ ತಂದಿಡುವ ಬಿಸಿ ಕಾಫಿ. ಮೊದಲ ಶನಿವಾರವೇ ಅವರು ನನಗೆ ಈ ಕೆಲಸದ ಧರ್ಮವನ್ನು ಹೇಳಿಕೊಟ್ಟರು. ಜನ ನಮ್ಮನ್ನು ನಂಬಿ ಹೇಳಿದ ಮಾತು ಅವರದ್ದೇ, ನಾವು ಬರೀ ಕಾವಲಿನವರು, ಎಲ್ಲರ ಮಾತನ್ನೂ ಕೂಡಿಸಿ ಮೊದಲು ಅವರಿಗೇ ವಾಪಸ್ ಒಪ್ಪಿಸಬೇಕು, ಯಾರು ಏನು ಹೇಳಿದರು ಎನ್ನುವುದು ಯಜಮಾನರಿಗೂ ತಿಳಿಯಬಾರದು ಎಂದರು. "ಈ ಜಗುಲೀಲಿ ನೀವು ಹೇಳಿದ್ದು ಈ ಜಗುಲೀಲೇ ಇರುತ್ತೆ, ವಿಜಯಾ," ಎಂದೂ ಹೇಳಿದರು. ನಾನು ಅದನ್ನು ಮಂತ್ರದ ಹಾಗೆ ಮನಸ್ಸಿನಲ್ಲಿಟ್ಟುಕೊಂಡೆ.

ಮಳೆಗಾಲ ಶುರುವಾದಾಗ ಕಾರ್ಖಾನೆಗೆ ಹೋಗತೊಡಗಿದೆ. ಚಾಮರಾಜಪೇಟೆಯ ಮುಖ್ಯರಸ್ತೆಯಿಂದ ಒಳಗೆ, ಹಳೆಯ ಹೆಂಚಿನ ಕಟ್ಟಡ. ಯಜಮಾನರ ತಾಯಿ ಎಷ್ಟೋ ವರ್ಷಗಳ ಹಿಂದೆ ಅಡುಗೆಮನೆಯಲ್ಲಿ ಕಾಸಿ ಅಕ್ಕಪಕ್ಕದವರಿಗೆ ಕೊಡುತ್ತಿದ್ದ ಎಣ್ಣೆಯೇ ಬೆಳೆದು ಕಾರ್ಖಾನೆಯಾಗಿತ್ತು. ಹಿಂದಿನ ಅಂಗಳದಲ್ಲಿ ಎಣ್ಣೆ ಕಾಯಿಸುವ ಕೊಪ್ಪರಿಗೆಗಳು, ಮುಂದೆ ಬಾಟಲಿ ತುಂಬುವ ಉದ್ದನೆಯ ಹಜಾರ. ಅಲ್ಲಿ ಹೆಚ್ಚಿನವರು ಹೆಂಗಸರು. ಗುಂಪು ಗುಂಪಾಗಿ ದುಂಡಗೆ ಕೂತು, ಲಾಳಿಕೆ ಇಟ್ಟು ತುಂಬಿ, ಮುಚ್ಚಳ ತಿರುಗಿಸಿ, ಚೀಟಿ ಅಂಟಿಸುತ್ತಿದ್ದರು. ಮಾತು, ನಗು, ಜಗಳ ಎಲ್ಲವೂ ಆ ದುಂಡಿನಲ್ಲೇ. ನೆಲ ಎಣ್ಣೆಯಿಂದ ಜಾರುತ್ತಿತ್ತು. ಮಳೆ ಹಿಡಿದ ದಿನ ಬಾಗಿಲು ಮುಚ್ಚಿದರೆ ವಾಸನೆ ತಲೆಗೆ ಏರಿ, ಮನೆಗೆ ಹೋಗಿ ಸೀರೆ ಒಗೆದರೂ ಬಿಡುತ್ತಿರಲಿಲ್ಲ.

ಆ ಮಳೆಗಾಲದಲ್ಲೇ ಯಜಮಾನರ ಅಳಿಯ ಸುದರ್ಶನ ಮ್ಯಾನೇಜರಾಗಿ ಬಂದ. ಮುಂಬೈಯಲ್ಲಿ ಓದಿದವನು. ತುಂಬುವ ಯಂತ್ರ ತರಿಸಿದ, ದುಂಡುಗಳನ್ನು ತೆಗೆಸಿ, ಗೋಡೆಯ ಕಡೆ ಮುಖ ಮಾಡಿ ಒಂದೇ ಸಾಲಿನಲ್ಲಿ ನಿಲ್ಲುವಂತೆ ಮಾಡಿದ. ಅದು ಹೇಗಿರಬೇಕೆಂದು ಹೇಳಿಕೊಟ್ಟವರು ನಮ್ಮ ಪ್ರೊಫೆಸರ್. ಅವರು ಕಾರ್ಖಾನೆಗೆ ಬಂದರೆ ಸುದರ್ಶನನ ಕೋಣೆಗೆ ಬಂದು ಅಲ್ಲಿಂದಲೇ ಹೋಗುತ್ತಿದ್ದರು. ಒಂದು ಸಲ ಹಜಾರದ ಬಾಗಿಲವರೆಗೆ ಬಂದು, ಪ್ಯಾಂಟು ಸ್ವಲ್ಪ ಎತ್ತಿ ಹಿಡಿದು ಇಣುಕಿ ನೋಡಿ ಹೊರಟದ್ದು ನನಗೆ ನೆನಪಿದೆ.

ಹೆಂಗಸರು ಮೊದಮೊದಲು ನನ್ನ ಹತ್ತಿರ ಹೂಂ, ಉಹೂಂ ಅಷ್ಟೇ. ಬಾಯಿ ಬಿಡಿಸಿದವಳು ಸರೋಜಮ್ಮ. ತುಂಬುವ ವಿಭಾಗದಲ್ಲಿ ಎಲ್ಲರಿಗಿಂತ ಹಿರಿಯಳು, ಮಾವಳ್ಳಿಯಲ್ಲಿ ಮನೆ, ಗಂಡ ದರ್ಜಿ, ಇಬ್ಬರಿಗೂ ಬಾಯಿ ಜೋರು. ನನ್ನನ್ನು ಟೀಚರಮ್ಮ ಎಂದು ಕರೆಯುತ್ತಿದ್ದಳು. ನಾನು ನಿಂತು ಬರೆಯುವುದನ್ನು ನೋಡಲಾರದೆ ಒಂದು ಡ್ರಮ್ ಉರುಳಿಸಿ ತಂದು, ಕೂತ್ಕೊಳಿ, ನಿಮ್ಮ ಕಾಲು ಏನ್ ಪಾಪ ಮಾಡಿದೆ ಎಂದಳು. ಅಂದಿನಿಂದ ಮಧ್ಯಾಹ್ನದ ಟೀಗೆ ನನಗೂ ಒಂದು ಲೋಟ ಬಂತು. ಉಳಿದವರೂ ಒಬ್ಬೊಬ್ಬರಾಗಿ ಮಾತಾಡತೊಡಗಿದರು.

ಅವರು ಹೇಳಿದ್ದರಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿ ಒಂದಿತ್ತು. ಯಂತ್ರದ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಕೈನೋವು ಕಡಿಮೆಯಾಯಿತು ಎಂದೇ ಹೇಳುತ್ತಿದ್ದರು. ಅವರಿಗೆ ಸಹಿಸಲಾಗದೆ ಇದ್ದದ್ದು ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ನಿಲ್ಲುವುದು. ಸಾಲನ್ನು ಸ್ವಲ್ಪ ಬಾಗಿಸಿದ್ದರೆ ಸಾಕಿತ್ತು, ಅರ್ಧ ಗೊಣಗಾಟ ನಿಂತು ಹೋಗುತ್ತಿತ್ತು. ಆ ಸಂಗತಿ ಸಿಕ್ಕ ದಿನ ನಾನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಇದೇ ನನ್ನ ಥೀಸಿಸ್ ಎಂದು ಹಿಗ್ಗಿದ್ದೆ.

ಸರೋಜಮ್ಮ ಸುದರ್ಶನನ ಮೇಲೂ ಒಂದು ಮಾತು ಹೇಳಿದ್ದಳು. "ಅವ್ರ ಅಂಗಿ ನೋಡಿದೀರಾ ಟೀಚರಮ್ಮ? ಇಸ್ತ್ರಿ ಮುದುರುತ್ತೆ ಅಂತ ಉಸಿರೂ ಅರ್ಧ ಬಿಡ್ತಾರೆ. ಅಂಥೋರಿಗೆ ನಮ್ಮ ಬೆವರು ಎಲ್ಲಿ ಗೊತ್ತಾಗುತ್ತೆ?" ಯಾರೂ ಕೇಳದ ಹಾಗೆ, ಗೋದಾಮಿನ ಮೂಲೆಯಲ್ಲಿ ನನಗೊಬ್ಬಳಿಗೇ ಹೇಳಿದ್ದು. ಆ ಶನಿವಾರ ಜಗುಲಿಯಲ್ಲಿ ನಾನು ಅದನ್ನು ಪ್ರೊಫೆಸರಿಗೆ ಹೇಳಿದೆ. ಅವರು ಮನಸಾರೆ ನಕ್ಕು, ಯಾರು ಹೇಳಿದ್ದು ಎಂದು ಕೇಳಿದರು. ಹೇಳಿದೆ. ಮಾರ್ಗದರ್ಶಕರ ಹತ್ತಿರ ಮುಚ್ಚಿಡುವುದೇನಿದೆ ಎನ್ನುವುದು ಆಗಿನ ನನ್ನ ನಂಬಿಕೆ.

ದಸರಾ ರಜೆ ಮುಗಿಸಿ ಕಾರ್ಖಾನೆಗೆ ಹೋದರೆ ಸರೋಜಮ್ಮ ಇರಲಿಲ್ಲ. ಊರ ಹೊರಗಿನ ಗೋದಾಮಿಗೆ ವರ್ಗ ಮಾಡಿದ್ದಾರೆ ಎಂದರು. ಅಲ್ಲಿಗೆ ಹೋಗಲು ಬಸ್ಸು ಬದಲಾಯಿಸಬೇಕು, ಅಲ್ಲಿ ಹೆಂಗಸರೇ ಇಲ್ಲ, ಬರೀ ಪೆಟ್ಟಿಗೆ ಹೊರುವ ಕೆಲಸ. ಆ ವಯಸ್ಸಿನವಳು ತಾನಾಗಿಯೇ ಬಿಟ್ಟು ಹೋಗಲಿ ಎಂದು ಮಾಡಿದ್ದು ಎಲ್ಲರಿಗೂ ಗೊತ್ತಿತ್ತು. ಮಧ್ಯಾಹ್ನ ಟೀ ಬಂದಾಗ ನನ್ನ ಲೋಟ ಬೋರಲು ಹಾಕಿತ್ತು. ಯಾರೂ ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ನಿಂತ ಅಷ್ಟೂ ಬೆನ್ನುಗಳು ನನಗೆಂದೇ ಹಾಗೆ ನಿಂತಂತೆ ಕಂಡವು.

ಮಾವಳ್ಳಿಗೆ ಹೋದೆ. ಸರೋಜಮ್ಮ ಬಾಗಿಲಲ್ಲೇ ನಿಂತು ಮಾತಾಡಿದಳು, ಒಳಗೆ ಕರೆಯಲಿಲ್ಲ. ಸುದರ್ಶನ ಅವಳನ್ನು ಕೋಣೆಗೆ ಕರೆಸಿ, ನನ್ನ ಅಂಗಿಯ ಇಸ್ತ್ರಿ ಚಿಂತೆ ನಿಮಗೆ ಬೇಡ ಎಂದು ನಗುನಗುತ್ತಲೇ ಆರ್ಡರ್ ಕೈಗೆ ಕೊಟ್ಟನಂತೆ.

"ಆ ಮಾತು ನಾನು ನನ್ನ ಗಂಡನ್ಗೂ ಹೇಳಿರ್ಲಿಲ್ಲ," ಎಂದಳು. "ನಿಮ್ಗೆ ಮಾತ್ರ ಹೇಳಿದ್ದು. ಹೋಗಿ ಟೀಚರಮ್ಮ."

ಬಾಗಿಲು ದಬ್ಬಲಿಲ್ಲ, ಮೆಲ್ಲಗೆ ಮುಚ್ಚಿದಳು. ಜೋರಾಗಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾನು ನೇರವಾಗಿ ಜಗುಲಿಗೆ ಹೋದೆ. ಸುದರ್ಶನರಿಗೆ ಆ ಮಾತು ಹೇಗೆ ಗೊತ್ತಾಯಿತು ಸರ್ ಎಂದಷ್ಟೇ ಕೇಳಿದೆ. ಅವಳೇ ಯಾರ ಹತ್ತಿರವಾದರೂ ಹೇಳಿಕೊಂಡಿರಬೇಕು ಎಂದರು ಪ್ರೊಫೆಸರ್. ಕಾಫಿ ಲೋಟವನ್ನು ಬಟ್ಟಲಿನಲ್ಲಿಟ್ಟು, ಸಮಾಧಾನ ಮಾಡುವವರ ಹಾಗೆ ಮುಂದುವರಿಸಿದರು. "ಬದಲಾವಣೆ ಅಂದ್ರೆ ಒಂದಿಬ್ರು ಆಚೆ ಈಚೆ ಆಗ್ತಾರೆ. ಮನಸ್ಸಿಗೆ ಹಚ್ಕೋಬೇಡಿ. ಹಾಗೆ ನೋಡಿದ್ರೆ ನಿಮ್ಮ ಥೀಸಿಸ್‌ಗೆ ಇದು ಒಳ್ಳೇ ಡೇಟಾ."

ಅವರ ಕಣ್ಣಿನಲ್ಲಿ ಕಳ್ಳತನವೂ ಇರಲಿಲ್ಲ, ಅಳುಕೂ ಇರಲಿಲ್ಲ. ವರ್ಗದ ಮಾತನ್ನು ನಾನು ಎತ್ತಿರಲೇ ಇಲ್ಲ. ಆಗಲೇ ನನಗೆ ಅನುಮಾನ ಗಟ್ಟಿಯಾಯಿತು. ಅದರ ಜೊತೆಗೇ, ಜೀವಮಾನದಲ್ಲಿ ಅದುವರೆಗೆ ಕಂಡಿರದ ಒಂದು ದ್ವೇಷ ಎದೆಯಲ್ಲಿ ಬಂದು ಕೂತಿತು. ಅದು ಉರಿಯುತ್ತಿರಲಿಲ್ಲ, ತಣ್ಣಗಿತ್ತು, ಹಾಗಾಗಿ ಯೋಚನೆ ಮಾಡಲು ಅನುಕೂಲವಾಯಿತು.

ಮೊದಲು ಪರೀಕ್ಷೆ. ಮುಂದಿನ ಶನಿವಾರ ನಾನು ಒಂದು ಸುಳ್ಳು ಹೇಳಿದೆ. ಹಜಾರದ ಗಡಿಯಾರ ಮುಂದೆ ಓಡುತ್ತದೆ, ತಡವಾಗಿ ಬಂದಿರೆನ್ನಲು ಬೇಕೆಂದೇ ಹಾಗೆ ಇಟ್ಟಿದ್ದಾರೆ ಎಂದು ಹೆಂಗಸರು ಗೊಣಗುತ್ತಾರೆ ಎಂದೆ. ಗಡಿಯಾರ ಸರಿಯಾಗಿಯೇ ಇತ್ತು, ಯಾರೂ ಗೊಣಗಿರಲಿಲ್ಲ, ಈ ಮಾತನ್ನು ನಾನು ಬೇರೆ ಯಾರಿಗೂ ಹೇಳಿರಲಿಲ್ಲ. ಆ ವಾರ ಮುಗಿಯುವ ಮೊದಲೇ ಸುದರ್ಶನ ಬಂದು ಗಡಿಯಾರ ಇಳಿಸಿ ಹೊಸದು ಹಾಕಿಸಿದ. ಯಾಕೆ ಬದಲಾಯಿಸಿದರೆಂದು ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಂಡರು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅಲ್ಲಿಗೆ ದಾರಿ ಸ್ಪಷ್ಟವಾಯಿತು. ನಾನು ಹೇಳಿದ್ದೆಲ್ಲ ಅವರ ಬಾಯಿಂದ ಹೊರಗೆ ಬರುತ್ತದೆ ಎಂದಾದರೆ, ಏನು ಬರಬೇಕೆಂದು ತೀರ್ಮಾನಿಸುವವಳು ನಾನು. ಒಂದು ಎಚ್ಚರ ಮಾತ್ರ ಇಟ್ಟುಕೊಂಡೆ. ಅಲ್ಲಿಂದ ಮುಂದೆ ಯಾವ ಹೆಂಗಸಿನ ಹೆಸರನ್ನೂ, ಯಾವ ನಿಜವಾದ ಮಾತನ್ನೂ ಆ ಜಗುಲಿಗೆ ಒಯ್ಯಲಿಲ್ಲ.

ಪ್ರೊಫೆಸರಿಗೆ ಒಂದು ದೌರ್ಬಲ್ಯವಿತ್ತು. ಸಂಸ್ಥೆಗಳ ಒಳಗೆ ಅಡಗಿದ ಆಚರಣೆ, ನಂಬಿಕೆ, ಹಳೆಯ ಕಥೆ ಇವುಗಳ ಮಾತು ಬಂದರೆ ಕುರ್ಚಿಯ ತುದಿಗೆ ಸರಿಯುತ್ತಿದ್ದರು. ಅವರಿಗಾಗಿ ನಾನು ಒಂದು ಸಂಪ್ರದಾಯವನ್ನೇ ಹುಟ್ಟಿಸಿದೆ. ಒಂದೇ ಸಲಕ್ಕೆ ಅಲ್ಲ, ಅವರೆಕಾಯಿಯ ಕಾಲ ಪೂರ್ತಿ, ಸ್ವಲ್ಪಸ್ವಲ್ಪವಾಗಿ. ಪ್ರತಿ ಸಲ ಎಣ್ಣೆ ಇಳಿಸಿದಾಗ ತುಂಬಿದ ಮೊದಲ ಬಾಟಲಿಯನ್ನು ಹೆಂಗಸರು ಮಾರಾಟಕ್ಕೆ ಬಿಡುವುದಿಲ್ಲ, ಬಾವಿಯ ಪಕ್ಕದ ಗೂಡಿನಲ್ಲಿ ಯಜಮಾನರ ತಾಯಿಯ ಹೆಸರಿನಲ್ಲಿ ಇಡುತ್ತಾರೆ. ಯಂತ್ರ ಬಂದ ಮೇಲೆ ಮೊದಲ ಬಾಟಲಿ ಯಾವುದೆಂದು ತಿಳಿಯದೆ ಆ ಪದ್ಧತಿ ನಿಂತುಹೋಗಿದೆ. ಅದಕ್ಕೇ ಅವರಿಗೆ ಯಂತ್ರ ಕಂಡರೆ ಆಗದು. ಕಾರ್ಖಾನೆಯಲ್ಲಿ ಬಾವಿಯೂ ಇರಲಿಲ್ಲ, ಗೂಡೂ ಇರಲಿಲ್ಲ. ಹಜಾರ ದಾಟಿ ಹಿಂದಿನ ಅಂಗಳಕ್ಕೆ ಒಂದು ಸಲ ಹೋಗಿ ಬಂದಿದ್ದರೆ ಅವರಿಗೆ ಗೊತ್ತಾಗುತ್ತಿತ್ತು.

ಅವರು ಹೋಗಲಿಲ್ಲ. ಈ ವಿಷಯವನ್ನು ಸುದರ್ಶನನಿಗೂ ಹೇಳಲಿಲ್ಲ, ಏಕೆಂದರೆ ಅದು ಅವರ ಪಾಲಿಗೆ ನಿಧಿಯಾಗಿತ್ತು. ಚಳಿಗೆ ಶಾಲು ಹೊದ್ದು, ಇದು ದೊಡ್ಡದು ವಿಜಯಾ, ಬಹಳ ದೊಡ್ಡದು ಎನ್ನುತ್ತಿದ್ದರು. ಪ್ರಬಂಧ ಬರೆದರು, ತಮ್ಮೊಬ್ಬರ ಹೆಸರನ್ನೇ ಹಾಕಿಕೊಂಡರು. ಅದನ್ನು ಗಮನಿಸಿದೆ, ಏನೂ ಅನ್ನಿಸಲಿಲ್ಲ. ನನ್ನ ಹೆಸರು ಅಲ್ಲಿ ಇಲ್ಲದಿರುವುದೇ ನನಗೆ ಬೇಕಾಗಿತ್ತು.

ಬೆಲೆ ಏನೆಂದು ನನಗೆ ಗೊತ್ತಿತ್ತು. ಇವರ ಮೇಲೆ ತಿರುಗಿ ಬಿದ್ದ ಮೇಲೆ ಊರಿನಲ್ಲಿ ಯಾರೂ ನನಗೆ ಮಾರ್ಗದರ್ಶಕರಾಗುವುದಿಲ್ಲ. ಮುಖ ಕಾಣದೆ ನಿಲ್ಲುವ ಸಾಲಿನ ವಿಷಯ, ನಾನು ನಿಜವಾಗಿ ಕಂಡುಹಿಡಿದದ್ದು, ನನ್ನ ಜೊತೆಗೇ ಮುಳುಗುತ್ತದೆ. ಬೆಳಗಿನ ಹೊತ್ತು ಅವರೆಕಾಳು ಹಿಸುಕುತ್ತಾ ಅಮ್ಮನ ಪಕ್ಕ ಕೂತಾಗ ಅದು ನೆನಪಾಗಿ ಕೈ ನಿಲ್ಲುತ್ತಿತ್ತು. ಅಮ್ಮ, ಥೀಸಿಸ್ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದಳು. ಮುಗೀತಾ ಬಂತು ಎನ್ನುತ್ತಿದ್ದೆ. ಅದು ಸುಳ್ಳಾಗಿರಲಿಲ್ಲ.

ಬೇಸಿಗೆ ಕಾಲಿಡುತ್ತಿದ್ದಾಗ, ಹೊಂಗೆ ಹೂ ಬಸವನಗುಡಿಯ ರಸ್ತೆಗಳ ಮೇಲೆಲ್ಲ ಉದುರಿ ಬಿದ್ದಿದ್ದ ದಿನಗಳಲ್ಲಿ, ಪ್ರೊಫೆಸರ್ ಅಲ್ಲಿನ ಒಂದು ಸಭಾಂಗಣದಲ್ಲಿ ಸಮಾವೇಶ ಏರ್ಪಡಿಸಿದರು. ಬೇರೆ ಊರುಗಳಿಂದ ಪ್ರಾಧ್ಯಾಪಕರು, ಕಂಪನಿಗಳವರು. ಕೆಲಸದವರ ಮಾತನ್ನು ಕೆಲಸದವರ ಎದುರೇ ಒಪ್ಪಿಸುವುದು ಅಂದಿನ ಮುಖ್ಯ ಕಾರ್ಯಕ್ರಮ. ಹಾಗಾಗಿ ಹೆಂಗಸರನ್ನು ವ್ಯಾನಿನಲ್ಲಿ ಕರೆತಂದು ಹಿಂದಿನ ಸಾಲುಗಳಲ್ಲಿ ಕೂರಿಸಿದ್ದರು. ನಾನು ಹಿಂದಿನ ದಿನ ಮತ್ತೆ ಮಾವಳ್ಳಿಗೆ ಹೋಗಿ, ಇದೊಂದು ಸಲ ಬನ್ನಿ ಎಂದು ಸರೋಜಮ್ಮನನ್ನು ಕೇಳಿಕೊಂಡಿದ್ದೆ. ಅವಳು ಹೂಂ ಎನ್ನಲಿಲ್ಲ. ಆದರೆ ಕಾರ್ಯಕ್ರಮ ಶುರುವಾದಾಗ ನೋಡಿದರೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಗಂಡನೂ ಜೊತೆಗಿದ್ದ. ಮುಂದಿನ ಸಾಲಿನಲ್ಲಿ ಯಜಮಾನರು, ಅವರ ಪಕ್ಕ ಸುದರ್ಶನ, ಇನ್ನೊಂದು ಪಕ್ಕ ಅವರ ತಾಯಿ, ಯಜಮಾನರಿಗೆ ಹೇಳಿ ನಾನೇ ಕರೆಸಿದ್ದು. ಎಲ್ಲ ಶುರುವಾದದ್ದು ಅಜ್ಜಿಯಿಂದಲೇ ಅಲ್ಲವೇ, ಅವರೂ ಇದ್ದರೆ ಚೆನ್ನ ಎಂದಿದ್ದೆ. ಹೊರಗೆ ಓಡಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿದ್ದ ಆ ಮುದುಕಿ ರೇಷ್ಮೆ ಸೀರೆಯುಟ್ಟು, ಕೋಲನ್ನು ಮೊಣಕಾಲ ಮಧ್ಯೆ ಇಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದರು.

ಪ್ರೊಫೆಸರ್ ಸೊಗಸಾಗಿ ಮಾತಾಡಿದರು. ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತಾ ಮೊದಲ ಬಾಟಲಿಗೆ ಬಂದರು. ಬಾವಿ, ಗೂಡು, ಅಲ್ಲಿ ಹಚ್ಚುವ ದೀಪ. ದೀಪದ ಮಾತು ನಾನು ಹೇಳಿರಲಿಲ್ಲ. ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಅವರು ಅದನ್ನು ಭಾವೋದ್ವೇಗ ಎಂದುಕೊಂಡರೋ ಏನೋ, ದನಿ ಇನ್ನಷ್ಟು ತಗ್ಗಿಸಿ, ಸಂಸ್ಥಾಪಕಿಯಾದ ದಿವಂಗತ ಮಾತೃಶ್ರೀಯವರ ಆತ್ಮ ಇಂದಿಗೂ ಆ ಹಜಾರದಲ್ಲಿ ಇದೆಯೆಂದು ಈ ಮಹಿಳೆಯರು ನಂಬುತ್ತಾರೆ ಎಂದರು.

ದಿವಂಗತ ಎಂದೂ ನಾನು ಹೇಳಿರಲಿಲ್ಲ. ಅದು ಅವರದೇ ಸಂಶೋಧನೆ.

ಅಜ್ಜಿ ಮಗನ ಕಡೆ ವಾಲಿ ಏನೆಂದು ಕೇಳಿದರು. ಮಗ ಹೇಳಲು ಒದ್ದಾಡಿದರು. ಅಜ್ಜಿಗೆ ಅರ್ಥವಾಯಿತು. ಕಿವಿ ಮಂದವಾದವರ ದೊಡ್ಡ ದನಿಯಲ್ಲಿ ಕೇಳಿದರು, "ನಾನು ಯಾವಾಗ ಸತ್ತೆನಪ್ಪ?"

ಹೆಂಗಸರ ಸಾಲು ನಕ್ಕುಬಿಟ್ಟಿತು. ದುಂಡಗೆ ಕೂತಿದ್ದ ಕಾಲದ ನಗು ಅದು, ಎಷ್ಟೋ ತಿಂಗಳ ಮೇಲೆ ಕೇಳಿದ್ದು. ಯಜಮಾನರು ಎದ್ದು ನಿಂತು, ಬಹಳ ಮರ್ಯಾದೆಯಿಂದಲೇ, ನಮ್ಮಲ್ಲಿ ಬಾವಿ ಇಲ್ಲವಲ್ಲ ಪ್ರೊಫೆಸರೇ ಎಂದರು. ಬೇರೆ ಊರಿನಿಂದ ಬಂದಿದ್ದವರು ತಲೆ ತಗ್ಗಿಸಿ ಕಾಗದ ಸರಿಮಾಡಿಕೊಳ್ಳತೊಡಗಿದರು. ಪ್ರೊಫೆಸರ್ ನನ್ನ ಕಡೆ ತಿರುಗಿದರು. ಮಾಹಿತಿ ಸಂಗ್ರಹಿಸಿದ್ದು ನನ್ನ ವಿದ್ಯಾರ್ಥಿನಿ, ಅವರೇ ಹೇಳಲಿ ಎಂದರು. ನಾನು ಕಾಯುತ್ತಿದ್ದದ್ದು ಇದಕ್ಕೇ. ಎದ್ದು ನಿಂತೆ.

"ಅದು ಸುಳ್ಳು ಸರ್. ನಾನು ಕಟ್ಟಿ ಹೇಳಿದ್ದು. ಗಡಿಯಾರ ಮುಂದೆ ಓಡುತ್ತೆ ಅಂದಿದ್ದೂ ಸುಳ್ಳು. ಅದನ್ನ ನಿಮ್ಮ ಜಗುಲೀಲಿ ನಿಮ್ಗೊಬ್ರಿಗೇ ಹೇಳಿದ್ದೆ. ಆ ವಾರಾನೇ ಸುದರ್ಶನ ಅವರು ಗಡಿಯಾರ ಬದಲಾಯಿಸಿದ್ರು. ಅವರಿಗೆ ಯಾರು ಹೇಳಿದ್ರು ಸರ್?"

ಹಿಂದಿನ ನಗು ನಿಂತಿತು. ಗಡಿಯಾರದ ವಿಷಯ ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ನಾನು ಸರೋಜಮ್ಮನ ಹೆಸರು ಎತ್ತಲಿಲ್ಲ, ಎತ್ತುವ ಅಗತ್ಯವೂ ಬೀಳಲಿಲ್ಲ. ಒಬ್ಬೊಬ್ಬರಾಗಿ ಅವರು ಬಾಗಿಲ ಪಕ್ಕದ ಕುರ್ಚಿಯ ಕಡೆ ತಿರುಗಿ ನೋಡಿದರು. ಯಜಮಾನರು ಅಳಿಯನ ಕಡೆ ನೋಡಿದರು. ಸುದರ್ಶನ ಪ್ರೊಫೆಸರ ಕಡೆ ನೋಡಿದ. ಪ್ರೊಫೆಸರ್ ಮೈಕನ್ನು ಸರಿಮಾಡಿದರು, ನೀರು ಕುಡಿದರು, ಚಹಾ ವಿರಾಮ ಎಂದು ಘೋಷಿಸಿದರು. ವಿರಾಮದ ಮೇಲೆ ಅವರು ವೇದಿಕೆಗೆ ಬರಲೇ ಇಲ್ಲ.

ಮುಂದಿನದೆಲ್ಲ ನಾನು ಎಣಿಸಿದ್ದ ಹಾಗೇ ಆಯಿತು. ವಿಶ್ವವಿದ್ಯಾಲಯದಲ್ಲಿ ನನ್ನ ನೋಂದಣಿ ರದ್ದಾಯಿತು. ಮಾಹಿತಿಯನ್ನು ತಿರುಚಿದವಳು ಎಂಬ ಹೆಸರು ಬಂತು, ಅದು ನಿಜವೂ ಹೌದು. ಅಮ್ಮ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ, ಆ ಅಜ್ಜಿ ಹೇಗೆ ಕೇಳಿದರು ಇನ್ನೊಂದು ಸಲ ಹೇಳು ಎಂದು ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಾರ್ಖಾನೆಗೂ ಪ್ರೊಫೆಸರಿಗೂ ಇದ್ದ ಒಪ್ಪಂದ ಮುಗಿಯಿತು. ಸರೋಜಮ್ಮನನ್ನು ಯಜಮಾನರೇ ಹೇಳಿಕಳಿಸಿ ವಾಪಸ್ ಕರೆಸಿಕೊಂಡರು. ಅಷ್ಟು ಅವಮಾನ ಮಾಡಿದ ಕಡೆಗೆ ಯಾಕೆ ಹೋದಿರಿ ಎಂದು ನಾನು ಕೇಳಿದೆ. ಆ ಹೊತ್ತಿಗೆ ಅವರ ಮನೆಯೊಳಗೆ ಕೂತು ಟೀ ಕುಡಿಯುವಷ್ಟು ನಾವು ಮತ್ತೆ ಹತ್ತಿರವಾಗಿದ್ದೆವು.

"ಅವ್ನ ಮುಖ ದಿನಾ ನೋಡ್ಬೇಕಲ್ಲ," ಎಂದಳು. "ನನ್ನ ಕಂಡಾಗೆಲ್ಲ ಅವನ್ಗೆ ಅದು ನೆನಪಾಗ್ಬೇಕು."

ಸುದರ್ಶನ ಎರಡು ವರ್ಷ ತಡೆದುಕೊಂಡು, ಬೇರೆ ವ್ಯಾಪಾರ ನೋಡಿಕೊಂಡು ಹೋದ. ಅವಳು ನಿವೃತ್ತಿಯವರೆಗೂ ಅಲ್ಲೇ ಇದ್ದಳು.

ಪ್ರೊಫೆಸರ್ ಮಾತ್ರ ಹಾಳಾಗಲಿಲ್ಲ. ಕೆಲವು ವರ್ಷ ತಣ್ಣಗಿದ್ದು, ಬೇರೆ ಊರಿನಲ್ಲಿ ಮತ್ತೆ ಹೆಸರು ಮಾಡಿದರು. ಎರಡು ಸಾವಿರದ ದಶಕದ ಮಧ್ಯದಲ್ಲಿ ಒಂದು ಸಂಜೆ ಗಾಂಧಿಬಜಾರಿನ ಹೂವಿನ ಅಂಗಡಿಗಳ ಹತ್ತಿರ ಎದುರಾದರು. ಮುದುಕರಾಗಿದ್ದರು, ಹೆಂಡತಿಗೆಂದು ಸೇವಂತಿಗೆ ಅಳೆಸುತ್ತಿದ್ದರು. ನಾನು ಹಾಗೇ ಹೋಗಬಹುದಿತ್ತು, ಹೋಗಲಿಲ್ಲ. ಅವರೇ ಕರೆದು ಮಾತಾಡಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಪೂರ್ತಿ ಕ್ಷಮಿಸಿದವರ ಔದಾರ್ಯವಿತ್ತು. ಅದು ನನ್ನನ್ನು ಸಿಟ್ಟಿಗಿಂತ ಹೆಚ್ಚು ಉರಿಸಿತು.

"ಅಷ್ಟು ಚಿಕ್ಕ ವಿಷಯಕ್ಕೆ ಡಾಕ್ಟರೇಟ್ ಕಳ್ಕೊಂಡ್ರಲ್ಲ ವಿಜಯಾ," ಎಂದರು. "ಆ ಪೇಪರ್‌ಗೆ ನಿಮ್ಮ ಹೆಸರೂ ಹಾಕಬೇಕಿತ್ತು, ಒಪ್ತೀನಿ. ಕೇಳಿದ್ರೆ ಹಾಕ್ತಿದ್ದೆ."

ಇಷ್ಟು ವರ್ಷ ಅವರು ಅದನ್ನು ಹಾಗೆಂದೇ ತಿಳಿದಿದ್ದರು. ಹೆಸರಿನ ಆಸೆಗೆ ಮಾಡಿದ್ದೆಂದು.

"ಅದಕ್ಕಲ್ಲ ಸರ್," ಎಂದೆ. "ಸರೋಜಮ್ಮನಿಗೋಸ್ಕರ."

ಅವರು ಹೂವಿನ ಪೊಟ್ಟಣ ಕೈಯಲ್ಲಿ ಹಿಡಿದು, ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದರು. ಹಣೆ ಗಂಟಿಕ್ಕಿತು.

"ಯಾರು ಸರೋಜಮ್ಮ?"

ನಮಸ್ಕಾರ ಮಾಡಿ ಹೊರಟೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಇನ್ನೂ ಅಲ್ಲೇ ನಿಂತು ಯೋಚಿಸುತ್ತಿದ್ದರು. ಯೋಚಿಸಲಿ ಎಂದುಕೊಂಡೆ. ಈಗಲೂ ಅಷ್ಟೇ ಅಂದುಕೊಳ್ಳುತ್ತೇನೆ.